ಹೊಸಬರಿಗೆ ಮಾರ್ಗದರ್ಶಿ: ವಿದೇಶಕ್ಕೆ ಹೊರಡುವಾಗ ಪ್ಲಗ್ಗು, ಚಾರ್ಜರು, ಪವರ್ ಬ್ಯಾಂಕ್

ಕಾಸರಗೋಡಿಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ ಶಾಲೆ, ರೇಷನ್ ಕಾರ್ಡು, ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಬಿಲ್ಲು ಇವುಗಳ ಬಗ್ಗೆ ಸಂಘದಿಂದ ಮಾಹಿತಿ ಕೊಡುತ್ತಲೇ ಇದ್ದೇವೆ. ಈ ಸಲ ವಿದೇಶಕ್ಕೆ ಹೋಗುವಾಗಿನ ಪ್ಲಗ್ಗು, ಚಾರ್ಜರಿನ ವಿಷಯ. ಇದು ಯಾಕೆ ಅಂತ ಅನ್ನಿಸಬಹುದು. ಇಲ್ಲಿ ಸ್ವಲ್ಪ ದಿನ ಇದ್ದರೆ ನಿಮಗೇ ಗೊತ್ತಾಗುತ್ತದೆ. ಅಕ್ಕಪಕ್ಕದ ಮನೆಯವರ ಮಗ ದುಬೈಯಲ್ಲಿ, ಎದುರು ಮನೆಯ ಅಳಿಯ ದೋಹಾದಲ್ಲಿ, ಇನ್ನೊಬ್ಬರು ಮಸ್ಕತ್‌ನಲ್ಲಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಿರಿಯರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೂ ಹೋಗಿ ಬರುತ್ತಾರೆ. ವಿಮಾನಕ್ಕೆ ಆ ಕಡೆ ಮಂಗಳೂರು, ಈ ಕಡೆ ಕಣ್ಣೂರು. ಮನೆಯವರು ಗಲ್ಫಿನಲ್ಲಿದ್ದರೆ ನೀವೂ ಮಕ್ಕಳನ್ನು ಕರೆದುಕೊಂಡು ವಿಸಿಟ್ ವೀಸಾದಲ್ಲಿ ಒಮ್ಮೆ ಹೋಗಿಯೇ ಹೋಗುತ್ತೀರಿ.

ಹೊರಡುವವರು ಮೊದಲು ಕೇಳುವುದು, "ಅಲ್ಲಿಗೆ ಯಾವ ಪಿನ್ನು ಬೇಕು?" ಅಂತ. ಅದು ಕೊನೆಗೆ ಕೇಳಬೇಕಾದದ್ದು. ಮೊದಲು ನೋಡಬೇಕಾದದ್ದು ವೋಲ್ಟು, ಆಮೇಲೆ ವ್ಯಾಟು, ಆಮೇಲೆ ಪಿನ್ನು. ಪಿನ್ನು ತಪ್ಪಾದರೆ ಪ್ಲಗ್ಗು ಒಳಗೆ ಹೋಗುವುದಿಲ್ಲ, ಅಷ್ಟೆ. ವೋಲ್ಟು ತಪ್ಪಾದರೆ ವಸ್ತುವೇ ಹೋಗುತ್ತದೆ.

ಚಾರ್ಜರಿನ ಬೆನ್ನು ಓದಿ

ನಿಮ್ಮ ಫೋನಿನ ಚಾರ್ಜರನ್ನು ಈಗಲೇ ಕೈಗೆ ತಗೊಳ್ಳಿ. ತಿರುಗಿಸಿ ನೋಡಿ. ಸಣ್ಣ ಅಕ್ಷರದಲ್ಲಿ, ಹೆಚ್ಚಾಗಿ ಬೂದು ಬಣ್ಣದಲ್ಲಿ, ಏನೋ ಅಚ್ಚಾಗಿರುತ್ತದೆ. ಬರಿಗಣ್ಣಿಗೆ ಕಾಣದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. ಅದರಲ್ಲಿ 'ಇನ್‌ಪುಟ್' ಅಂತ ಒಂದು ಸಾಲು ಇದೆ. ಮುಂದೆ 100-240 ವೋಲ್ಟ್, 50/60 ಹರ್ಟ್ಜ್ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹರಿಯುತ್ತದೆ ಅನ್ನುವ ಲೆಕ್ಕ) ಅಂತ ಇದ್ದರೆ ನಿಶ್ಚಿಂತೆ. ಆ ಚಾರ್ಜರು ಜಪಾನಿನ 100 ವೋಲ್ಟಿನಲ್ಲೂ ನಡೆಯುತ್ತದೆ, ಅಮೆರಿಕದ 120ರಲ್ಲೂ ನಡೆಯುತ್ತದೆ, ನಮ್ಮ 230ರಲ್ಲೂ ನಡೆಯುತ್ತದೆ. ಅದಕ್ಕೆ ಬೇಕಾಗುವುದು ಪಿನ್ನು ಬದಲಿಸುವ ಒಂದು ಅಡಾಪ್ಟರ್ ಮಾತ್ರ. ಈಗಿನ ಫೋನು, ಲ್ಯಾಪ್‌ಟಾಪು, ಕ್ಯಾಮೆರಾ ಚಾರ್ಜರುಗಳಲ್ಲಿ ಬಹುತೇಕ ಎಲ್ಲವೂ ಹೀಗೇ ಇರುತ್ತವೆ.

ಆದರೆ 220-240 ಅಥವಾ ಬರೀ 230 ವೋಲ್ಟ್ ಅಂತ ಇದ್ದರೆ ಅಲ್ಲಿ ನಿಲ್ಲಿ. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ನೀರು ಕುದಿಸುವ ಕೆಟಲ್, ಇಂಡಕ್ಷನ್ ಒಲೆ, ತಲೆಕೂದಲು ಒಣಗಿಸುವ ಡ್ರೈಯರ್ ಎಲ್ಲ ಈ ಗುಂಪು. ಇವು ಗಲ್ಫಿಗೆ, ಇಂಗ್ಲೆಂಡಿಗೆ, ಸಿಂಗಾಪುರಕ್ಕೆ, ಆಸ್ಟ್ರೇಲಿಯಾಕ್ಕೆ ನಡೆಯುತ್ತವೆ. ಅಲ್ಲೆಲ್ಲ 230ರ ಆಸುಪಾಸೇ. ಅಮೆರಿಕ, ಕೆನಡಾ, ಜಪಾನಿಗೆ ನಡೆಯುವುದಿಲ್ಲ. ಅಡಾಪ್ಟರ್ ಹಾಕಿದರೆ ಪ್ಲಗ್ಗು ಕೂರುತ್ತದೆ ನಿಜ, ಆದರೆ ಅಡಾಪ್ಟರ್ ವೋಲ್ಟನ್ನು ಬದಲಿಸುವುದಿಲ್ಲ. ಅದರೊಳಗೆ ಇರುವುದು ಬರೀ ಹಿತ್ತಾಳೆಯ ತಗಡು.

ಗಲ್ಫಿನ ಪ್ಲಗ್ಗು

ಯುಎಇ, ಕತಾರ್, ಒಮಾನ್, ಬಹ್ರೈನ್, ಕುವೈತ್ ಎಲ್ಲ ಕಡೆ ಹೆಚ್ಚಾಗಿ ಇರುವುದು ಇಂಗ್ಲೆಂಡಿನ ಚಪ್ಪಟೆ ಮೂರು ಪಿನ್ನು. ಇದಕ್ಕೆ ಜಿ ಟೈಪ್ ಅನ್ನುತ್ತಾರೆ. ನಮ್ಮ ಉರುಟು ಮೂರು ಪಿನ್ನಿನದು ಡಿ ಟೈಪ್, ಫ್ರಿಜ್ಜಿಗೆ ಹಾಕುವ ದಪ್ಪ ಪಿನ್ನಿನದು ಎಂ ಟೈಪ್. ಅಂಗಡಿಗೆ ಹೋಗಿ ಟೈಪ್ ಹೇಳಬೇಕೆಂದೇನೂ ಇಲ್ಲ. ಕಾಸರಗೋಡಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಗಲ್ಫಿಗೆ ಹೋಗಲಿಕ್ಕೆ ಅಂದರೆ ಸಾಕು, ತೆಗೆದುಕೊಡುತ್ತಾರೆ. ಮಲಯಾಳ ಬರದಿದ್ದರೂ ಚಿಂತೆಯಿಲ್ಲ, ಕನ್ನಡದಲ್ಲೋ ತುಳುವಿನಲ್ಲೋ ಕೇಳಬಹುದು.

ಈ ಜಿ ಟೈಪ್ ಸಾಕೆಟ್ ಚೆನ್ನಾಗಿ ಯೋಚಿಸಿ ಮಾಡಿದ್ದು. ಮೇಲೆ ಒಂದು ತೂತು, ಕೆಳಗೆ ಎರಡು. ಕರೆಂಟು ಇರುವ ಕೆಳಗಿನ ಎರಡೂ ತೂತಿಗೆ ಒಳಗಿನಿಂದ ಪ್ಲಾಸ್ಟಿಕ್ಕಿನ ಮುಚ್ಚಳ ಇರುತ್ತದೆ. ಪ್ಲಗ್ಗಿನ ಮೇಲಿನ ಪಿನ್ನು ಬೇರೆ ಎರಡಕ್ಕಿಂತ ಉದ್ದ. ಅದು ಅರ್ಥಿಂಗಿನ ಪಿನ್ನು. ಅದು ಮೊದಲು ಒಳಗೆ ಹೋಗಿ ಮುಚ್ಚಳವನ್ನು ಸರಿಸಿದ ಮೇಲೆಯೇ ಉಳಿದೆರಡು ಪಿನ್ನು ಒಳಗೆ ಹೋಗುತ್ತವೆ. ಮಗು ಕೆಳಗಿನ ತೂತಿಗೆ ಕಡ್ಡಿ ಹಾಕಿದರೂ ಕರೆಂಟಿಗೆ ತಾಗುವುದಿಲ್ಲ.

ಈಗ ಗಲ್ಫಿನ ರೂಮುಗಳಲ್ಲಿ ನಡೆಯುವುದನ್ನು ಕೇಳಿ. ಊರಿನಿಂದ ತಂದ ಟೂ ಪಿನ್ ಚಾರ್ಜರು ಒಳಗೆ ಹೋಗುವುದಿಲ್ಲ. ಆಗ ಮೇಲಿನ ತೂತಿಗೆ ಪೆನ್ನಿನ ತುದಿಯನ್ನೋ ಸ್ಕ್ರೂಡ್ರೈವರನ್ನೋ ಒತ್ತಿ ಹಿಡಿದು, ಮುಚ್ಚಳ ಸರಿದ ಕೂಡಲೇ ಕೆಳಗೆ ಚಾರ್ಜರನ್ನು ತುರುಕುತ್ತಾರೆ. ಹಳಬರು ಹೊಸಬರಿಗೆ ಇದನ್ನು ಉಪಾಯ ಅಂತ ಕಲಿಸುತ್ತಾರೆ. ದಯವಿಟ್ಟು ಕಲಿಯಬೇಡಿ, ಮಕ್ಕಳ ಎದುರು ಖಂಡಿತ ಮಾಡಬೇಡಿ. ಮಗು ನೋಡುವುದು ತೂತಿಗೆ ಏನನ್ನೋ ಹಾಕುವುದನ್ನು ಮಾತ್ರ. ಅದಲ್ಲದೆ ಆ ಸಾಕೆಟಿನಲ್ಲಿ ಉರುಟು ಪಿನ್ನು ಬಿಗಿಯಾಗಿ ಕೂರುವುದಿಲ್ಲ. ಸಡಿಲ ಇದ್ದಲ್ಲಿ ಕಿಡಿ ಹಾರುತ್ತದೆ, ಬಿಸಿಯಾಗುತ್ತದೆ, ಪ್ಲಾಸ್ಟಿಕ್ಕು ಕರಗಿ ಕಪ್ಪಾಗುತ್ತದೆ. ಒಂದು ಅಡಾಪ್ಟರಿನ ಖರ್ಚಿಗೆ ಹೆದರಿ ಮಾಡುವ ಕೆಲಸ ಅಲ್ಲ ಇದು.

ಲ್ಯಾಪ್‌ಟಾಪಿನ ಚಾರ್ಜರಿಗೆ ಮೂರು ಪಿನ್ನು ಇದ್ದರೆ ಅಡಾಪ್ಟರಿನಲ್ಲೂ ಅರ್ಥಿಂಗ್ ಇರಬೇಕು. ಎಲ್ಲ ದೇಶಕ್ಕೂ ಆಗುತ್ತದೆ ಅಂತ ಮಾರುವ ಯೂನಿವರ್ಸಲ್ ಅಡಾಪ್ಟರುಗಳಲ್ಲಿ ಬಹಳಷ್ಟಕ್ಕೆ ಅದು ಇರುವುದಿಲ್ಲ. ಮೂರನೇ ಪಿನ್ನಿಗೆ ತೂತು ಇರುತ್ತದೆ, ಒಳಗೆ ಸಂಪರ್ಕವೇ ಇರುವುದಿಲ್ಲ. ಲ್ಯಾಪ್‌ಟಾಪಿನ ಲೋಹದ ಮೈ ಸವರಿದಾಗ ಬೆರಳಿಗೆ ಸಣ್ಣಗೆ ಜುಂ ಅಂದರೆ ಹೆಚ್ಚಾಗಿ ಅದೇ ಕಾರಣ. ಹೋಗುವುದು ಒಂದೇ ದೇಶಕ್ಕಾದರೆ ಆ ದೇಶದ್ದೇ ಮೂರು ಪಿನ್ನಿನ ಗಟ್ಟಿ ಅಡಾಪ್ಟರ್ ಎರಡು ತಗೊಳ್ಳಿ ಅನ್ನುವುದು ನಮ್ಮ ಸಲಹೆ. ಮೂರ್ನಾಲ್ಕು ದೇಶ ಸುತ್ತುವವರಿಗೆ ಮಾತ್ರ ಯೂನಿವರ್ಸಲ್ ಸರಿ.

ತುಂಬಾ ದಿನ ಇರುವವರಾದರೆ ಅಲ್ಲಿಯ ಎಕ್ಸ್‌ಟೆನ್ಶನ್ ಬಾಕ್ಸನ್ನೇ ಅಲ್ಲಿ ಕೊಳ್ಳಿ. ಜಿ ಟೈಪ್ ಪ್ಲಗ್ಗಿನೊಳಗೆ ಒಂದು ಸಣ್ಣ ಫ್ಯೂಸ್ ಇರುತ್ತದೆ, ಹೆಚ್ಚೆಂದರೆ 13 ಆಂಪಿಯರಿನದು. ಅದು ಹೋದರೆ ಅಷ್ಟೇ ಆಂಪಿಯರಿನ ಇನ್ನೊಂದು ಫ್ಯೂಸ್ ಹಾಕಬೇಕು, ತಂತಿ ಸುತ್ತಬಾರದು. ಬಾಕ್ಸಿನಿಂದ ಬಾಕ್ಸಿಗೆ, ಅಲ್ಲಿಂದ ಮತ್ತೊಂದಕ್ಕೆ ಸಿಕ್ಕಿಸುವುದು ಬೇಡ. ನಾಲ್ಕೈದು ಜನ ಇರುವ ರೂಮಿನಲ್ಲಿ ಮಂಚದ ಕೆಳಗೆ ಹೀಗೆ ಸರಪಳಿ ಕಟ್ಟಿರುವುದು ಮಾಮೂಲು. ನಿಮ್ಮ ಮನೆಯವರು ಇರುವ ರೂಮು ಹೇಗಿದೆ ಅಂತ ವಿಡಿಯೋ ಕಾಲ್‌ನಲ್ಲಿ ಒಮ್ಮೆ ತೋರಿಸಲು ಹೇಳಿ.

ಸೌದಿಯ ಮಾತು ಸ್ವಲ್ಪ ಬೇರೆ. ಪಿನ್ನು ಅದೇ ಜಿ ಟೈಪ್, ವೋಲ್ಟು 230, ಆದರೆ ಹರ್ಟ್ಜ್ 60. ನಮ್ಮಲ್ಲಿ 50. ಹಳೆ ಕಟ್ಟಡಗಳಲ್ಲಿ 110 ಅಥವಾ 127 ವೋಲ್ಟಿನ ಪಾಯಿಂಟುಗಳೂ ಇರಬಹುದು, ಮನೆಯವರನ್ನು ಕೇಳಿಯೇ ಹಾಕಿ. ಫೋನಿಗೆ, ಮಿಕ್ಸಿಗೆ 60 ಹರ್ಟ್ಜಿನಿಂದ ತೊಂದರೆ ಇಲ್ಲ. ದೋಸೆ ಹಿಟ್ಟು ರುಬ್ಬುವ ಗ್ರೈಂಡರಿನ ಮೋಟರು ಮಾತ್ರ ಬೇರೆ ಜಾತಿಯದು. ಅದರ ವೇಗ ಹರ್ಟ್ಜನ್ನು ನಂಬಿಕೊಂಡಿದೆ. ಅಲ್ಲಿ ಸುಮಾರು ಐದನೇ ಒಂದು ಭಾಗದಷ್ಟು ಜೋರಾಗಿ ತಿರುಗುತ್ತದೆ. 50 ಹರ್ಟ್ಜ್ ಅಂತ ಮಾತ್ರ ಬರೆದಿರುವ ಗ್ರೈಂಡರನ್ನು ಅಲ್ಲಿಗೆ ಹೊರುವುದು ಬೇಡ. ಉಮ್ರಾಕ್ಕೆ ಹೋಗುವವರಿಗೆ ಇದರ ತಲೆಬಿಸಿ ಇಲ್ಲ, ಒಂದು ಜಿ ಟೈಪ್ ಅಡಾಪ್ಟರ್, ಒಂದು ಸಣ್ಣ ಪವರ್ ಬ್ಯಾಂಕ್ ಸಾಕು.

ಬಾಣಂತನಕ್ಕೆ ಅಮೆರಿಕಕ್ಕೆ ಹೊರಟವರಿಗೆ

ಮಗಳಿಗೆ ಬಾಣಂತಿ ಲೇಹ್ಯ, ಖಾರದ ಹುಡಿ ಎಲ್ಲ ಕಟ್ಟುವಾಗ ಅಮ್ಮಂದಿರಿಗೆ ಮಿಕ್ಸಿಯನ್ನೂ ಒಯ್ಯೋಣ ಅನ್ನಿಸುವುದು ಸಹಜ. ಅಲ್ಲಿ ತೆಂಗಿನಕಾಯಿ ಅರೆಯುವುದು ಹೇಗೆ ಅನ್ನುವ ಚಿಂತೆ ಸುಮ್ನೆ ಬಂದದ್ದಲ್ಲ. ಆದರೆ ನಮ್ಮ 230 ವೋಲ್ಟಿನ ಮಿಕ್ಸಿ ಅಲ್ಲಿಯ 120 ವೋಲ್ಟಿನಲ್ಲಿ ಸೋತು ತಿರುಗುತ್ತದೆ, ಕಾಯಿ ನುಣ್ಣಗಾಗುವುದಿಲ್ಲ. ಇಸ್ತ್ರಿ ಪೆಟ್ಟಿಗೆಯಂಥ ಬಿಸಿ ಮಾಡುವ ವಸ್ತು ಇನ್ನೂ ಕಷ್ಟ. ವೋಲ್ಟು ಅರ್ಧವಾದರೆ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ಇಲ್ಲಿ 1000 ವ್ಯಾಟಿನ ಪೆಟ್ಟಿಗೆ ಅಲ್ಲಿ 270 ವ್ಯಾಟಿನದಾಗುತ್ತದೆ.

ವೋಲ್ಟು ಏರಿಸುವ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. ಅದು ಮಿಕ್ಸಿಯ ವ್ಯಾಟಿಗಿಂತ ಸಾಕಷ್ಟು ಜಾಸ್ತಿಯದು ಇರಬೇಕು. ಆಗ ಅದರ ಭಾರವೇ ಹಲವು ಕಿಲೋ. ಅಷ್ಟು ಭಾರದಲ್ಲಿ ಹಪ್ಪಳ, ಉಪ್ಪಿನಕಾಯಿ ಒಯ್ಯಬಹುದು. ಭಾರತದ ಕಂಪೆನಿಗಳೇ 110 ವೋಲ್ಟಿನ ಮಿಕ್ಸಿ ಮಾಡುತ್ತವೆ, ಅಮೆರಿಕದ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ನೀವು ಹೋಗುವ ಮೊದಲೇ ಅಳಿಯನಿಗೆ ಹೇಳಿ ತರಿಸಿಡುವುದು ಒಳ್ಳೆಯದು.

ಹಿರಿಯರ ವೈದ್ಯಕೀಯ ಉಪಕರಣಗಳನ್ನು ಒಂದೊಂದಾಗಿ ತೆಗೆದು ನೋಡಿ. ಬಿಪಿ ಮೆಷಿನು, ಗ್ಲುಕೋಮೀಟರು ಹೆಚ್ಚಾಗಿ ಬ್ಯಾಟರಿಯವು, ತೊಂದರೆ ಇಲ್ಲ. ಉಬ್ಬಸಕ್ಕೆ ಬಳಸುವ ನೆಬ್ಯುಲೈಸರು ಅನೇಕ ಸಲ 230 ವೋಲ್ಟಿನದೇ ಆಗಿರುತ್ತದೆ. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದಾಗ ಅದು ನಡೆಯುವುದಿಲ್ಲ ಅಂತ ಗೊತ್ತಾಗಬಾರದು. ಇಲ್ಲೇ ಲೇಬಲ್ ಓದಿ, ಬ್ಯಾಟರಿಯದ್ದನ್ನೋ 100-240 ವೋಲ್ಟಿನದನ್ನೋ ಕೊಂಡುಕೊಳ್ಳಿ. ಈ ಇಡೀ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ.

ಅಲ್ಲಿಯ ಸಾಕೆಟಿಗೆ ಹೆಚ್ಚಾಗಿ ಸ್ವಿಚ್ ಇರುವುದಿಲ್ಲ. ಯಾವಾಗಲೂ ಕರೆಂಟು ಇರುತ್ತದೆ. ಸ್ವಿಚ್ ಆಫ್ ಮಾಡಿ ಪ್ಲಗ್ಗು ಕೀಳುವ ನಮ್ಮ ಅಭ್ಯಾಸಕ್ಕೆ ಅಲ್ಲಿ ಅವಕಾಶ ಇಲ್ಲ. ಒದ್ದೆ ಕೈಯಲ್ಲಿ ಮುಟ್ಟಬೇಡಿ, ವಯರು ಹಿಡಿದು ಎಳೆಯಬೇಡಿ. ಪ್ರತಿ ಚಾರ್ಜರಿಗೂ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ ಕಳುಹಿಸಿ: 'ಅಪ್ಪನ ಫೋನು', 'ಕಿವಿ ಮೆಷಿನು' ಅಂತ. ಮಗಳು ಆಸ್ಪತ್ರೆಯಲ್ಲಿದ್ದಾಗ ಮನೆಯಲ್ಲಿ ಇಬ್ಬರೇ ಇರುವ ಹಿರಿಯರಿಗೆ ಇದು ತುಂಬಾ ಉಪಕಾರಕ್ಕೆ ಬರುತ್ತದೆ.

ಯುರೋಪಿನ ವಿಷಯ ಸುಲಭ. ಜರ್ಮನಿ, ಫ್ರಾನ್ಸ್, ನೆದರ್‌ಲ್ಯಾಂಡ್ಸ್‌ಗಳಲ್ಲಿ ವೋಲ್ಟು ನಮ್ಮದೇ. ನಮ್ಮ ಸಪೂರ ಟೂ ಪಿನ್ ಚಾರ್ಜರು ಹೆಚ್ಚಾಗಿ ನೇರವಾಗಿಯೇ ಹೋಗುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು. ಆಸ್ಟ್ರೇಲಿಯಾದ ಪಿನ್ನು ಓರೆಯಾದ ಚಪ್ಪಟೆ, ಅದಕ್ಕೆ ಐ ಟೈಪ್. ಸಿಂಗಾಪುರ, ಮಲೇಷ್ಯಾಕ್ಕೆ ಗಲ್ಫಿನ ಅಡಾಪ್ಟರೇ ಆಗುತ್ತದೆ.

ವಿಮಾನ ಹತ್ತುವಾಗ

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಕೆಳಗೆ ಹೋಗುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ಅದರೊಳಗಿನ ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಜನ ಇರುವಲ್ಲಿ ನಂದಿಸಬಹುದು, ಸಾಮಾನಿನ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಸ್ಕ್ರೀನಿಂಗಿನಲ್ಲಿ ಸಿಕ್ಕಿದರೆ ನಿಮ್ಮನ್ನು ಕರೆಸಿ ಪೆಟ್ಟಿಗೆ ಬಿಚ್ಚಿಸುತ್ತಾರೆ. ಹಗ್ಗ ಕಟ್ಟಿದ ಪೆಟ್ಟಿಗೆಯನ್ನು ಅಲ್ಲಿ ಬಿಚ್ಚಿ ಮತ್ತೆ ಕಟ್ಟುವ ಪಾಡು ಬೇಡ ಅಲ್ವಾ.

ಮಿತಿ 100 ವ್ಯಾಟ್ ಅವರ್ (ಬ್ಯಾಟರಿಯಲ್ಲಿ ತುಂಬುವ ವಿದ್ಯುತ್ತಿನ ಅಳತೆ). ಲೆಕ್ಕ ಹೀಗೆ: 10,000 ಎಂಎಎಚ್‌ನದು ಸುಮಾರು 37 ವ್ಯಾಟ್ ಅವರ್, 20,000ದ್ದು ಸುಮಾರು 74. ಇವೆರಡೂ ನಡೆಯುತ್ತವೆ. 100ರಿಂದ 160ರ ನಡುವಿನದಕ್ಕೆ ವಿಮಾನ ಕಂಪೆನಿಯ ಒಪ್ಪಿಗೆ ಬೇಕು, ಅದಕ್ಕಿಂತ ಜಾಸ್ತಿಯದು ಬೇಡವೇ ಬೇಡ. ಮೇಲೆ ಬರೆದ ಅಂಕೆ ಅಳಿಸಿ ಹೋದ ಹಳೆ ಪವರ್ ಬ್ಯಾಂಕನ್ನು ಮನೆಯಲ್ಲೇ ಬಿಡಿ, ಓದಲು ಆಗದಿದ್ದರೆ ಏರ್‌ಪೋರ್ಟಿನವರು ಅದನ್ನು ತೆಗೆದಿಟ್ಟುಕೊಳ್ಳಬಹುದು. ಎಮಿರೇಟ್ಸ್ ಕಂಪೆನಿ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್ ಅಂತ ನಿಯಮ ಮಾಡಿತು, ವಿಮಾನದೊಳಗೆ ಅದನ್ನು ಬಳಸುವುದನ್ನೂ ನಿಲ್ಲಿಸಿತು. ಬೇರೆ ಕಂಪೆನಿಗಳೂ ನಿಯಮ ಬಿಗಿ ಮಾಡುತ್ತಿವೆ, ಟಿಕೆಟ್ ತೆಗೆದ ಮೇಲೆ ಆ ಕಂಪೆನಿಯ ನಿಯಮ ನೋಡಿಕೊಳ್ಳಿ.

ಹೊರಡುವ ಹಿಂದಿನ ದಿನ ಬೆಳಿಗ್ಗೆಯೇ ಎಲ್ಲ ಚಾರ್ಜ್ ಮಾಡಿಡಿ. ಜೂನ್, ಜುಲೈಯಲ್ಲಿ ರಾತ್ರಿಗೆ ಅಂತ ಇಟ್ಟರೆ ಗಾಳಿ ಮಳೆಗೆ ಮರ ಬಿದ್ದು ಕರೆಂಟು ಹೋದೀತು. ವೀಸಾ, ಟಿಕೆಟ್ ಎಲ್ಲ ಫೋನಿನಲ್ಲಿದ್ದರೂ ಕಾಗದದಲ್ಲಿ ಒಂದೊಂದು ಪ್ರತಿ ಇರಲಿ. ಕರೆದೊಯ್ಯಲು ಬರುವವರ ನಂಬರು ಕೈಬರಹದಲ್ಲಿ ಪಾಸ್‌ಪೋರ್ಟಿನ ಜತೆ ಇರಲಿ. ಏರ್‌ಪೋರ್ಟಿನಲ್ಲಿ ಚಾರ್ಜ್ ಮಾಡುವುದಾದರೆ ನಿಮ್ಮದೇ ಚಾರ್ಜರನ್ನು ಸಾಕೆಟಿಗೆ ಹಾಕಿ. ಅಲ್ಲಿಯ ಯುಎಸ್‌ಬಿ ತೂತಿಗೆ ಫೋನನ್ನು ನೇರ ಸಿಕ್ಕಿಸದಿರುವುದು ಲೇಸು, ಆ ವಯರಿನಲ್ಲಿ ಕರೆಂಟಿನ ಜತೆ ಮಾಹಿತಿಯೂ ಹರಿಯಬಲ್ಲದು.

ಗಲ್ಫಿನ ಅಡಾಪ್ಟರುಗಳು ಕೆಲವು ಸಂಘದಲ್ಲಿ ಇವೆ. ಕೆಲವು ದಿನಕ್ಕೆ ಹೋಗುವವರು ಕೇಳಿ ಒಯ್ಯಿರಿ, ಬಂದ ಮೇಲೆ ಮರಳಿಸಿ. ಮುಂದಿನವರಿಗೂ ಬೇಕಾಗುತ್ತದೆ.

ವಾಪಸು ತರುವ ಸಾಮಾನು

ಗಲ್ಫಿನಿಂದ ಬಂದ ಚಪ್ಪಟೆ ಪಿನ್ನಿನ ವಸ್ತು ಇಲ್ಲಿ ಅಡಾಪ್ಟರ್ ಹಾಕಿದರೆ ನಡೆಯುತ್ತದೆ. ಅಮೆರಿಕದಿಂದ ಉಡುಗೊರೆಯಾಗಿ ಬಂದದ್ದನ್ನು ಮಾತ್ರ ಬೆನ್ನು ಓದದೆ ಹಾಕಬೇಡಿ. 120 ವೋಲ್ಟಿನ ರೈಸ್ ಕುಕ್ಕರನ್ನೋ ಕೂದಲು ನೇರ ಮಾಡುವ ಮೆಷಿನನ್ನೋ ಕೆಎಸ್‌ಇಬಿಯ 230ಕ್ಕೆ ಹಾಕಿದರೆ ಮೂರೂವರೆ ಪಟ್ಟಿಗಿಂತ ಜಾಸ್ತಿ ಬಿಸಿಯಾಗಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಅಲ್ಲಿಯ ಸರ್ಜ್ ಪ್ರೊಟೆಕ್ಟರ್ (ವೋಲ್ಟು ಒಮ್ಮೆಲೇ ಏರಿದರೆ ತಡೆಯುವ ಭಾಗ) ಇರುವ ಎಕ್ಸ್‌ಟೆನ್ಶನ್ ಬಾಕ್ಸನ್ನು ಇಲ್ಲಿ ಬಳಸಲೇಬಾರದು. ಅದರೊಳಗಿನ ರಕ್ಷಣೆಯ ಭಾಗ 120 ವೋಲ್ಟಿನ ಲೆಕ್ಕಕ್ಕೆ ಮಾಡಿದ್ದು, 230 ಬಂದ ಕೂಡಲೇ ಅದೇ ಮೊದಲು ಹೊತ್ತಿಕೊಳ್ಳುತ್ತದೆ.