ಎಣ್ಣೆ ಕ್ಯಾನಿಗೆ ಕುಡಿಯುವ ನೀರು ತುಂಬಿಸುವ ಮುನ್ನ

ಮಾರ್ಚ್ ಕಳೆಯುವಷ್ಟರಲ್ಲಿ ಕಾಸರಗೋಡಿನ ಗುಡ್ಡದ ಮನೆಗಳಲ್ಲಿ ಸುರಂಗದ, ಅಂದರೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿಯ, ನೀರು ಸಣ್ಣಗಾಗುತ್ತದೆ. ಕಡಲ ಬದಿಯ ಕೆಲವು ಬಾವಿಗಳಲ್ಲಿ ಉಪ್ಪು ಬಾಯಿಗೆ ಸಿಗತೊಡಗುತ್ತದೆ. ನೀರು ಬಂದಾಗ ಹಿಡಿದಿಟ್ಟುಕೊಳ್ಳಲು ಇದ್ದ ಕೊಡಪಾನಗಳು ಸಾಲುವುದಿಲ್ಲ. ಆಗ ನೆನಪಾಗುವುದು ಅಟ್ಟದ ಮೇಲಿನ ಖಾಲಿ ಕ್ಯಾನು, ಡಬ್ಬಿಗಳು. ಅಡುಗೆ ಎಣ್ಣೆಯ 15 ಲೀಟರಿನ ಕ್ಯಾನು, ಐಸ್‌ಕ್ರೀಮಿನ ದೊಡ್ಡ ಡಬ್ಬಿ, ಬೇಕರಿಯಿಂದ ತಂದ ಭರಣಿ. ಇವನ್ನು ಖಂಡಿತ ಬಳಸಬಹುದು. ಆದರೆ ಎಲ್ಲವನ್ನೂ ಅಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಮೊದಲು ಏನಿತ್ತು? ಗೊತ್ತಿಲ್ಲ ಎಂದಾದರೆ ಆ ಕ್ಯಾನು ಕುಡಿಯುವ ನೀರಿಗೆ ಬೇಡ. ಅಡಿಕೆಗೆ ಮದ್ದು ಬಿಡಲು ಮೈಲುತುತ್ತು ಕಲಸಿದ ಡ್ರಮ್, ಕೀಟನಾಶಕದ ಕ್ಯಾನು, ಪೈಂಟಿನ ಬಾಲ್ದಿ, ಫಿನೈಲಿನ ಬಾಟಲಿ, ಇವನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಪ್ಲಾಸ್ಟಿಕ್ ವಿಷವನ್ನು ಒಳಗೆ ಎಳೆದುಕೊಂಡಿರುತ್ತದೆ. ‘ಸೋಪು ಹಾಕಿ ಚೆನ್ನಾಗಿ ಉಜ್ಜಿದ್ದೇವೆ’ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಎಣ್ಮಕಜೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಲು, ಮಜ್ಜಿಗೆ, ಹಣ್ಣಿನ ರಸ ಇದ್ದ ಕ್ಯಾನುಗಳೂ ಬೇಡ. ಅದರ ಅಂಶ ಮೂಲೆಯಲ್ಲಿ ಚೂರು ಉಳಿದರೂ ರೋಗಾಣುಗಳಿಗೆ ಊಟ ಸಿಕ್ಕಂತೆ. ಉಪ್ಪಿನಕಾಯಿ ಭರಣಿಯ ವಾಸನೆ ಹೋಗುವುದು ಕಷ್ಟ. ಅದು ಕೈಕಾಲು ತೊಳೆಯುವ ನೀರಿಗಿರಲಿ.

ಇನ್ನು ತಳ ನೋಡಿ. ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 2 ಎಂದಿದ್ದರೆ ಎಚ್‌ಡಿಪಿಇ, 5 ಎಂದಿದ್ದರೆ ಪಾಲಿಪ್ರೊಪಿಲೀನ್. ಎರಡೂ ಗಟ್ಟಿ, ಎರಡೂ ಒಳ್ಳೆಯದು. 1 ಎಂದಿದ್ದರೆ ಪೆಟ್. ನೀರಿಗೆ ಆಗುತ್ತದೆ, ಆದರೆ ಬಿಸಿನೀರು ತಾಳುವುದಿಲ್ಲ, ಮುದುಡಿಹೋಗುತ್ತದೆ. 3 ಮತ್ತು 6 ಬಿಟ್ಟುಬಿಡಿ. ಅಂಕಿ ಹೇಳುವುದು ಪ್ಲಾಸ್ಟಿಕ್ಕಿನ ಜಾತಿಯನ್ನು ಮಾತ್ರ. ಲೋಟ ಮತ್ತು ಫೋರ್ಕಿನ ಚಿತ್ರ ಇದ್ದರೆ ಅದು ಆಹಾರಕ್ಕೆಂದೇ ಮಾಡಿದ್ದು ಎಂದರ್ಥ. ಒಳಗೆ ಗೀರು, ಬಿರುಕು ಇದ್ದರೆ ಅಲ್ಲಿಗೇ ಕೈಬಿಡಿ.

ಎಣ್ಣೆ ಬಿಡಿಸುವುದು

ನಿಜವಾದ ಕೆಲಸ ಇರುವುದು ಇಲ್ಲೇ. ಕ್ಯಾನನ್ನು ಅರ್ಧ ದಿನ ಬಾಯಿ ಕೆಳಗೆ ಮಾಡಿ ಇಡಿ. ತಳದಲ್ಲಿದ್ದ ಎಣ್ಣೆ ಸೋರಿ ಬರಲಿ. ಆಮೇಲೆ ಕೈ ತಾಳುವಷ್ಟು ಬಿಸಿನೀರು, ಪಾತ್ರೆ ತೊಳೆಯುವ ಸೋಪಿನ ದ್ರಾವಣ, ಒಂದು ಹಿಡಿ ಅಕ್ಕಿ ಹಾಕಿ ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ಕೈ ಹೋಗದ ಮೂಲೆಯನ್ನೆಲ್ಲ ಅಕ್ಕಿಯೇ ಉಜ್ಜುತ್ತದೆ. ಸೀಗೆಪುಡಿಯೂ ಎಣ್ಣೆ ತೆಗೆಯುತ್ತದೆ ನಿಜ, ಆದರೆ ಕಿರಿದಾದ ಬಾಯಿಯ ಕ್ಯಾನಿನಿಂದ ಅದರ ಚರಟ ಹೊರಗೆ ತರುವಷ್ಟರಲ್ಲಿ ಸಾಕಾಗುತ್ತದೆ. ಸ್ಟೀಲ್ ನಾರು ಮಾತ್ರ ಬೇಡ. ಅದು ಮಾಡುವ ಗೀರಿನಲ್ಲೇ ಕೊಳೆ ಕೂರುವುದು.

ಎರಡು ಜಾಗ ಎಲ್ಲರ ಕಣ್ಣಿಗೂ ತಪ್ಪುತ್ತದೆ. ಒಂದು ಹಿಡಿಕೆ. ಈ ಕ್ಯಾನುಗಳ ಹಿಡಿಕೆ ಒಳಗೆ ಟೊಳ್ಳು, ಎಣ್ಣೆ ಅಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಕ್ಯಾನಿನ ಕಂಠದವರೆಗೂ ಸೋಪಿನ ನೀರು ತುಂಬಿಸಿ ತಲೆಕೆಳಗಾಗಿ ಇಟ್ಟರೆ ಹಿಡಿಕೆಯೊಳಗೂ ನೀರು ಹೋಗುತ್ತದೆ. ಇನ್ನೊಂದು ಮುಚ್ಚಳ. ಒಳಗಿನ ವಾಷರನ್ನು ಚಾಕುವಿನ ತುದಿಯಲ್ಲಿ ಎಬ್ಬಿಸಿ ನೋಡಿ. ಅದರಡಿ ಹಳದಿ ಅಂಟು ಕಾಣುತ್ತದೆ. ತಿರುಪಿನ ಗೆರೆಗಳನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ವಾಷರ್ ಕಪ್ಪಾಗಿದ್ದರೆ ಸುಮ್ನೆ ಬಿಸಾಡಿ, ಹೊಸದು ಹಾಕಿ.

ತೊಳೆದ ಮೇಲೆ ನೀರು ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೇಲೆ ಎಣ್ಣೆಯ ಕಣ್ಣು ತೇಲಿದರೆ ಮತ್ತೆ ಸೋಪು. ವಾಸನೆ ಮಾತ್ರ ಉಳಿದಿದ್ದರೆ ಲೀಟರಿಗೆ ಒಂದು ಟೀ ಚಮಚದಂತೆ ಅಡುಗೆ ಸೋಡಾ ಕರಗಿಸಿ ಇನ್ನೊಂದು ರಾತ್ರಿ ಇಡಿ.

ಬಾವಿನೀರಿನ ಕಬ್ಬಿಣದ ಕೆಂಪು ಕಲೆ ಹಿಡಿದಿದ್ದರೆ ಬಿಂಬುಳಿ ಅಥವಾ ಹುಣಸೆಹುಳಿ ಸಾಕು. ಆದರೆ ಹುಳಿಯ ಅಂಶ ಪೂರ್ತಿ ಹೋಗುವಂತೆ ತೊಳೆಯದೆ ಮುಂದಿನ ಹಂತಕ್ಕೆ ಕೈ ಹಾಕಬೇಡಿ. ಹುಳಿ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಶ್ವಾಸಕ್ಕೆ ಅಪಾಯ.

ರೋಗಾಣು ಕೊಲ್ಲುವುದು

ಬಣ್ಣ, ಪರಿಮಳ ಇಲ್ಲದ ಸಾದಾ ಬ್ಲೀಚ್ ದ್ರಾವಣವಾದರೆ ಲೀಟರ್ ನೀರಿಗೆ ಒಂದು ಟೀ ಚಮಚ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಮನೆಯಲ್ಲಿದ್ದರೆ ಐದು ಲೀಟರಿಗೆ ಒಂದು ಟೀ ಚಮಚ ಕಲಸಿ, ಸುಣ್ಣ ತಳದಲ್ಲಿ ಕೂತ ಮೇಲೆ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಅದನ್ನು ಕ್ಯಾನಿಗೆ ಹಾಕಿ ಎಲ್ಲ ಬದಿಗೂ ತಾಗುವಂತೆ ಆಡಿಸಿ. ಅರ್ಧ ನಿಮಿಷ ಸಾಕು, ಹಳೆ ಕ್ಯಾನಿಗೆ ಹತ್ತು ನಿಮಿಷ ಕೊಟ್ಟರೆ ನಷ್ಟವಿಲ್ಲ. ಮುಚ್ಚಳವನ್ನೂ ಅದರಲ್ಲೇ ಅದ್ದಿ. ಚೆಲ್ಲಿ, ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ಬಾಯಿ ಕೆಳಗೆ ಮಾಡಿ ಒಣಗಲು ಬಿಡಿ. ಬಟ್ಟೆಯಿಂದ ಒರೆಸಬೇಡಿ, ಅಡುಗೆಮನೆ ಬಟ್ಟೆ ಎಷ್ಟು ಕ್ಲೀನ್ ಇರುತ್ತದೆ ಎಂದು ನಮಗೆಲ್ಲ ಗೊತ್ತಲ್ವಾ?

ಕ್ಯಾನು ಶುದ್ಧವಾಯಿತೆಂದು ನೀರು ಶುದ್ಧವಾಗುವುದಿಲ್ಲ. ಸುರಂಗದ್ದಾಗಲಿ, ಟ್ಯಾಂಕರಿನದ್ದಾಗಲಿ, ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ. ಕುದಿಸಿದ್ದನ್ನು ಆರಿದ ಮೇಲೆ ತುಂಬಿಸಿ.

ಇಡುವುದು, ಬಳಸುವುದು

ಕ್ಯಾನನ್ನು ನೆರಳಿನಲ್ಲಿಡಿ. ಬಿಸಿಲಿಗೆ ಪ್ಲಾಸ್ಟಿಕ್ ಸೀಳುತ್ತದೆ, ಬೆಳಕು ಬಿದ್ದರೆ ನೀರಲ್ಲಿ ಪಾಚಿ ಕಟ್ಟುತ್ತದೆ. ಸೀಮೆಎಣ್ಣೆ, ಪೆಟ್ರೋಲಿನ ಹತ್ತಿರ ಇಡಬೇಡಿ, ವಾಸನೆ ಪ್ಲಾಸ್ಟಿಕ್ ದಾಟಿ ಒಳಗೆ ಬರುತ್ತದೆ. ಅಗಲ ಬಾಯಿಯ ಡಬ್ಬಿಯಲ್ಲಿ ಎಲ್ಲರೂ ಲೋಟ ಅದ್ದುತ್ತಾರೆ, ಜೊತೆಗೆ ಬೆರಳೂ ಅದ್ದುತ್ತದೆ. ಕಿರಿದು ಬಾಯಿಯ ಕ್ಯಾನು ಬಗ್ಗಿಸಿ ಬಳಸುವುದೇ ಒಳ್ಳೆಯದು. ನಳ್ಳಿ ಕೂರಿಸಿದರೆ ಇನ್ನೂ ಒಳ್ಳೆಯದು.

ಮುಚ್ಚಳ ಇಲ್ಲದ ಡಬ್ಬಿಯಲ್ಲಿ ನೀರು ಒಂದು ವಾರಕ್ಕಿಂತ ಜಾಸ್ತಿ ನಿಲ್ಲಬಾರದು. ಡೆಂಗಿ ಸೊಳ್ಳೆಯ ಮೊಟ್ಟೆ ಹೆಚ್ಚುಕಡಿಮೆ ಅಷ್ಟರಲ್ಲೇ ಸೊಳ್ಳೆಯಾಗುತ್ತದೆ. ನೀರು ಚೆಲ್ಲಿದರೂ ಮೊಟ್ಟೆ ಗೋಡೆಗೆ ಅಂಟಿರುತ್ತದೆ, ತಿಂಗಳುಗಟ್ಟಲೆ ಒಣಗಿದ್ದೂ ಬದುಕುತ್ತದೆ. ಆದ್ದರಿಂದ ಉಜ್ಜಿಯೇ ತೊಳೆಯಬೇಕು. ಸೊಳ್ಳೆ ಹುಟ್ಟದಂತೆ ನಿಂತ ನೀರು ಚೆಲ್ಲುವ ಡ್ರೈ ಡೇ ಮನೆಗಳಲ್ಲಿ ಹೇಗೂ ಭಾನುವಾರ, ಅದೇ ದಿನ ಮಾಡಿದರೆ ನೆನಪೂ ಉಳಿಯುತ್ತದೆ.

ಬಿರುಕು ಬಿಟ್ಟ ಕ್ಯಾನನ್ನು ಹಿತ್ತಲಲ್ಲಿ ಬಿಟ್ಟರೆ ಮೊದಲ ಮಳೆಗೇ ಸೊಳ್ಳೆಗಳು ಒಕ್ಕಲಾಗುತ್ತವೆ. ತೊಳೆದು ಒಣಗಿಸಿ, ಪ್ಲಾಸ್ಟಿಕ್ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು ಮನೆಗೆ ಬಂದಾಗ ಕೊಟ್ಟುಬಿಡಿ.