ಮೂವತ್ತರಲ್ಲಿ ಒಂದು ಪಾಲು: ಫಿಲಡೆಲ್ಫಿಯಾದ ಹಳೆಯ ಮನೆಯೊಂದರ ಹಕ್ಕುಪತ್ರಗಳನ್ನು ಜೋಡಿಸಿದ ಅನುಭವ

ಅಮೆರಿಕದ ಫಿಲಡೆಲ್ಫಿಯಾ ನಗರದ ಹಳೆಯ ಮನೆಗಳು ಯಾರ ಕೈಯಿಂದ ಯಾರ ಕೈಗೆ ಬಂದವು ಎಂಬುದನ್ನು ದಾಖಲೆಗಳಿಂದ ಬಿಡಿಸಿ ಬರೆದುಕೊಡುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಮನೆ ಇಡಿಯಾಗಿ ಒಬ್ಬರಿಂದ ಒಬ್ಬರಿಗೆ ಕ್ರಯವಾಗಿದ್ದರೆ ಈ ಕೆಲಸದಲ್ಲಿ ಶ್ರಮ ಕಡಿಮೆ. ಪತ್ರದಲ್ಲಿಯೇ ಹಿಂದಿನ ಮಾಲೀಕನ ಹೆಸರೂ ಆತನ ಪತ್ರವನ್ನು ನಕಲಿಸಿದ ಪುಸ್ತಕದ ಗುರುತೂ ಸಿಗುತ್ತವೆ, ಅದನ್ನು ಹಿಡಿದು ಹಿಂದೆ ಹೋಗುತ್ತಿದ್ದರಾಯಿತು. ಯಜಮಾನನು ಉಯಿಲು ಬರೆಯದೆ ತೀರಿಕೊಂಡು, ಮನೆಯು ಹೆಂಡತಿ ಮಕ್ಕಳಲ್ಲಿ ಅವಿಭಕ್ತ ಪಾಲುಗಳಾಗಿ ಒಡೆದು, ಆ ಪಾಲುಗಳು ಒಂದೊಂದಾಗಿ ಬೇರೆ ಬೇರೆ ವರ್ಷಗಳಲ್ಲಿ ಕೈ ಬದಲಿಸಿದಾಗ ಮಾತ್ರ ನಿಜವಾದ ತೊಡಕು ಆರಂಭವಾಗುತ್ತದೆ. ಕೆನ್ಸಿಂಗ್ಟನ್ ಭಾಗದ ಅಂಥ ಒಂದು ಮನೆಯ ಕಡತವನ್ನು ನಾನು ಹೇಗೆ ಜೋಡಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತೇನೆ. ಕುಟುಂಬದ ಹೆಸರನ್ನು ಬಿಟ್ಟಿದ್ದೇನೆ. ಲೆಕ್ಕಕ್ಕೆ ಅದು ಬೇಕಾಗುವುದಿಲ್ಲ.

ಮನೆಯ ಯಜಮಾನ ಪೀಪಾಯಿ ಮಾಡುವ ಕಸುಬಿನವನು, 1830ರ ದಶಕದ ಕೊನೆಯಲ್ಲಿ ಉಯಿಲಿಲ್ಲದೆ ಸತ್ತ. ಆಗ ಜಾರಿಯಲ್ಲಿದ್ದದ್ದು ಪೆನ್ಸಿಲ್ವೇನಿಯಾ ರಾಜ್ಯದ 1833ರ ಉತ್ತರಾಧಿಕಾರ ಕಾನೂನು. ಅದರ ಪ್ರಕಾರ ಮಕ್ಕಳಿದ್ದಾಗ ವಿಧವೆಗೆ ಸ್ಥಿರಾಸ್ತಿಯ ಮೂರನೆಯ ಒಂದು ಭಾಗ ಜೀವಿತಾವಧಿಗೆ ಮಾತ್ರ ಸಲ್ಲುತ್ತಿತ್ತು; ಆ ಹೊರೆಗೆ ಒಳಪಟ್ಟು ಇಡೀ ಆಸ್ತಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ ಹೋಗುತ್ತಿತ್ತು. ವಸಾಹತು ಕಾಲದಲ್ಲಿ ಹಿರಿಯ ಮಗನಿಗೆ ಎರಡು ಪಾಲು ಕೊಡುವ ಪದ್ಧತಿ ಅಲ್ಲಿತ್ತು, 1794ರಲ್ಲಿ ಅದು ಹೋಯಿತು. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಬಂತು ಎಂಬುದನ್ನು ನೆನೆದರೆ, ಎರಡರ ನಡುವೆ ಸರಿಯಾಗಿ ಇನ್ನೂರು ವರ್ಷ. ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಏಕೆಂದರೆ ಪೆನ್ಸಿಲ್ವೇನಿಯಾದಲ್ಲಿ ತಂದೆ ಬದುಕಿರುವಾಗ ಮಕ್ಕಳಿಗೆ ಆಸ್ತಿಯಲ್ಲಿ ಯಾವ ಹಕ್ಕೂ ಇರಲಿಲ್ಲ.

ಈ ಕುಟುಂಬದಲ್ಲಿ ಆರು ಮಕ್ಕಳ ಕವಲುಗಳು. ಆದುದರಿಂದ ನನ್ನ ಹಾಳೆಯ ಮೇಲೆ ಮೊದಲು ಬರೆದುಕೊಂಡದ್ದು ಆರು ಸಾಲು, ಪ್ರತಿಯೊಂದರ ಮುಂದೆ 1/6. ಈ ಕೆಲಸದಲ್ಲಿ ನಾನು ಬಿಡದೆ ಪಾಲಿಸುವ ನಿಯಮ ಒಂದೇ: ಎಷ್ಟು ಪತ್ರ ಸಿಕ್ಕರೂ ಭಿನ್ನರಾಶಿಗಳನ್ನು ಕೂಡಿದಾಗ ಒಂದು ಬರಬೇಕು. ಕಡಿಮೆ ಬಂದರೆ ಒಂದು ಪತ್ರ ಇನ್ನೂ ಸಿಕ್ಕಿಲ್ಲ. ಹೆಚ್ಚು ಬಂದರೆ ಒಂದು ಸಾವನ್ನೋ ಒಂದು ಹುಟ್ಟನ್ನೋ ನಾನು ತಪ್ಪು ಜಾಗದಲ್ಲಿ ಇರಿಸಿದ್ದೇನೆ.

ಪತ್ರಗಳನ್ನು ಹುಡುಕುವುದಕ್ಕೆ ಆಧಾರ ಎರಡು ಸೂಚಿಗಳು, ಕೊಟ್ಟವರದು ಮತ್ತು ಕೊಂಡವರದು. ಫಿಲಡೆಲ್ಫಿಯಾದ ನೋಂದಣಿ ಪುಸ್ತಕಗಳಿಗೆ ಆಯಾ ಕಾಲದ ನೋಂದಣಾಧಿಕಾರಿಯ ಹೆಸರಿನ ಮೊದಲಕ್ಷರಗಳೇ ಹೆಸರು. ಅದರ ಮುಂದೆ ಸಂಪುಟದ ಸಂಖ್ಯೆ ಮತ್ತು ಪುಟ. ಸೂಚಿಯಿಂದ ಗುರುತು ಸಿಕ್ಕ ಮೇಲೆ ನಗರದ ದಾಖಲೆ ಭಂಡಾರದಲ್ಲೋ, ಫ್ಯಾಮಿಲಿಸರ್ಚ್ ಜಾಲತಾಣದ ಚಿತ್ರಗಳಲ್ಲೋ ಪತ್ರದ ನಕಲನ್ನು ಓದಬಹುದು. ಅವಿಭಕ್ತ ಪಾಲುಗಳ ವಿಷಯದಲ್ಲಿ ನಾನು ಕೊಂಡವರ ಸೂಚಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಬಹುತೇಕ ಕುಟುಂಬಗಳಲ್ಲಿ ಒಬ್ಬ ಮಗನೋ ಅಳಿಯನೋ ಎಲ್ಲರ ಪಾಲನ್ನೂ ನಿಧಾನವಾಗಿ ತನ್ನ ಕಡೆಗೆ ಸೇರಿಸಿಕೊಂಡಿರುತ್ತಾನೆ. ಇಲ್ಲಿ ಆ ಕೆಲಸ ಮಾಡಿದವನು ಬ್ರೆಡ್ ಅಂಗಡಿ ಇಟ್ಟಿದ್ದ ಮೂರನೆಯ ಮಗ. ಕೊಟ್ಟವರ ಸೂಚಿಯಿಂದ ಹೊರಟರೆ ಹೆಣ್ಣುಮಕ್ಕಳು ಸಿಗುವುದೇ ಇಲ್ಲ: ಮದುವೆಯಾದ ಮಗಳ ಪಾಲಿನ ಪತ್ರ ಗಂಡನ ಮನೆತನದ ಹೆಸರಿನಡಿ, ಗಂಡನನ್ನೇ ಮೊದಲಿಗನಾಗಿ ಇಟ್ಟು ನಮೂದಾಗಿರುತ್ತದೆ. ನಮ್ಮ ಪಹಣಿ, ದಸ್ತಾವೇಜುಗಳಲ್ಲಿ ಬಿನ್, ಕೋಂ ಎಂದು ಎಷ್ಟೇ ಮೊಟಕಾಗಿ ಬರೆದರೂ ತಂದೆಯೋ ಗಂಡನೋ ಯಾರೆಂದು ಅಲ್ಲೇ ತಿಳಿಯುತ್ತದೆ. ಅಲ್ಲಿನ ಸೂಚಿಯಲ್ಲಿ ಆ ಅನುಕೂಲವಿಲ್ಲ.

ಮೊದಲು ಸಿಕ್ಕ ಪತ್ರ 1840ರ ದಶಕದ್ದು. ಒಹಾಯೊ ರಾಜ್ಯದ ಸಿನ್ಸಿನಾಟಿಗೆ ಹೋಗಿ ನೆಲೆಸಿದ್ದ ಒಬ್ಬ ಮಗ, ಅಲ್ಲಿಯೇ ಪೆನ್ಸಿಲ್ವೇನಿಯಾ ಸರ್ಕಾರ ನೇಮಿಸಿದ್ದ ಕಮಿಷನರ್ ಎದುರು ಒಪ್ಪಿ, ತನ್ನ 1/6 ಪಾಲನ್ನು ಬ್ರೆಡ್ ಅಂಗಡಿಯ ತಮ್ಮನಿಗೆ ಬರೆದುಕೊಟ್ಟಿದ್ದ. ಮೊತ್ತ ಕಡಿಮೆ ಎನಿಸಿತು. ತಾಯಿ ಇನ್ನೂ ಬದುಕಿದ್ದಳು, ಪಾಲಿನ ಮೇಲೆ ಆಕೆಯ ಹೊರೆಯಿತ್ತು ಎಂಬುದು ಪತ್ರದ ಒಂದು ಸಾಲಿನಲ್ಲಿದೆ. ಕೊಳ್ಳುವವನು ಆ ಹೊರೆಯನ್ನು ಬೆಲೆಯಲ್ಲಿ ಕಳೆದೇ ಕೊಟ್ಟಿರುತ್ತಾನೆ. ಮುಂದಿನ ಎರಡು ಪತ್ರಗಳು 1850ರ ದಶಕದವು, ಹಿರಿಯ ಮಗನದು ಮತ್ತು ಮದುವೆಯಾದ ಒಬ್ಬ ಮಗಳದು. ಇವೆರಡರಲ್ಲಿಯೂ ಕೊಟ್ಟ ಪಾಲು 1/6 ಅಲ್ಲ, 1/5 ಎಂದಿತ್ತು. ಅದೇ ವರ್ಷದ ಇನ್ನೊಂದು ಪತ್ರದಲ್ಲಿ, ಇದ್ದ ಪಾಲನ್ನೆಲ್ಲ ಹಿಂದೆಯೇ ಮಾರಿದ್ದ ಸಿನ್ಸಿನಾಟಿಯ ಮಗ ಮತ್ತೊಮ್ಮೆ ಕಾಣಿಸಿಕೊಂಡು, ಈ ಸಲ 1/30 ಪಾಲನ್ನು ಒಂದು ಡಾಲರಿಗೆ ಬಿಟ್ಟುಕೊಟ್ಟಿದ್ದ.

ಇಂಥ 1/30 ಕಂಡಾಗ ನನಗೆ ಖುಷಿಯಾಗುತ್ತದೆ ಎಂದು ಹೇಳಲು ಸಂಕೋಚವಿಲ್ಲ, ಏಕೆಂದರೆ ಯಾವ ಪತ್ರದಲ್ಲಿಯೂ ಬರೆಯದ ಒಂದು ಸಾವನ್ನು ಅದು ಹೇಳುತ್ತದೆ. ಆರು ಕವಲುಗಳಲ್ಲಿ ಒಂದು ಸಂತಾನವಿಲ್ಲದೆ ಮುಗಿದರೆ ಆ 1/6 ಉಳಿದ ಐದಕ್ಕೆ ಹಂಚಿಹೋಗುತ್ತದೆ. ಆರನೆಯ ಒಂದರ ಐದನೆಯ ಒಂದು ಎಂದರೆ 1/30. ಮಾರದೆ ಉಳಿದವರಿಗೆ 1/6 ಮತ್ತು 1/30 ಕೂಡಿ 1/5 ಆಗುತ್ತದೆ, ಮೊದಲೇ ಮಾರಿದವನಿಗೆ ಹೊಸದಾಗಿ ಬಂದ 1/30 ಮಾತ್ರ ಇರುತ್ತದೆ. ಅಂದರೆ ಮೊದಲ ಪತ್ರಕ್ಕೂ ಈ ಮೂರು ಪತ್ರಗಳಿಗೂ ನಡುವೆ ಮದುವೆಯಾಗದ, ಉಯಿಲನ್ನೂ ಬರೆಯದ ಒಬ್ಬ ಸೋದರ ಸತ್ತಿರಬೇಕು. ತಾಯಿಯೂ ಅವನಿಗಿಂತ ಮುಂಚೆಯೇ ತೀರಿಕೊಂಡಿರಬೇಕು. ಬದುಕಿದ್ದರೆ ಅವನ ಪಾಲಿನಲ್ಲಿ ಆಕೆಗೆ ಜೀವಿತಾವಧಿಯ ಹಕ್ಕು ಬರುತ್ತಿತ್ತು, ಪತ್ರಗಳಲ್ಲಿ ಅದರ ಸುಳಿವಿಲ್ಲ. ನಗರದ ಮರಣ ನೋಂದಣಿ ಆರಂಭವಾದದ್ದು 1860ರ ಜುಲೈನಲ್ಲಿ. ಅದಕ್ಕೆ ಹಿಂದಿನ ಸಾವುಗಳಿಗೆ ಸ್ಮಶಾನಗಳು ಆರೋಗ್ಯ ಮಂಡಳಿಗೆ ಕಳುಹಿಸುತ್ತಿದ್ದ ವರದಿಗಳೇ ಗತಿ, ಮತ್ತು ತಾಯಿ ಮಗ ಇಬ್ಬರೂ ನಾನು ಎಣಿಸಿದ ಕ್ರಮದಲ್ಲಿಯೇ ಅಲ್ಲಿ ಸಿಕ್ಕರು. ಮನೆಯ ಎಲ್ಲ ಸದಸ್ಯರ ಹೆಸರನ್ನೂ ಬರೆದುಕೊಂಡ ಮೊದಲ ಜನಗಣತಿ 1850ರದು. ಅದರಲ್ಲಿ ಆ ಸೋದರ ಬ್ರೆಡ್ ಅಂಗಡಿಯ ಅಣ್ಣನ ಮನೆಯಲ್ಲಿಯೇ ಇದ್ದಾನೆ.

ಇಷ್ಟಾದರೂ, ಬ್ರೆಡ್ ಅಂಗಡಿಯವನ ಸ್ವಂತ 1/5 ಪಾಲನ್ನೂ ಸೇರಿಸಿ, ಲೆಕ್ಕ ಮೂವತ್ತರಲ್ಲಿ ಇಪ್ಪತ್ತನಾಲ್ಕಕ್ಕೆ ನಿಂತಿತು. ಉಳಿದ ಆರು ಭಾಗ ಇನ್ನೊಬ್ಬ ಮಗಳ ಕವಲಿನದು. ಆಕೆಯ ಮೂವರು ಮಕ್ಕಳಲ್ಲಿ ಪ್ರಾಪ್ತ ವಯಸ್ಕರಾದ ಇಬ್ಬರು ತಲಾ 1/15 ಪಾಲನ್ನು ಸೋದರಮಾವನಿಗೆ ಬರೆದುಕೊಟ್ಟಿದ್ದರು, ಆದರೆ ಬದುಕಿದ್ದ ಅವರ ತಂದೆಯ ಸಹಿ ಎಲ್ಲಿಯೂ ಇರಲಿಲ್ಲ. ಹೆಂಡತಿಯ ಆಸ್ತಿಯಲ್ಲಿ ಮಕ್ಕಳಾದ ಗಂಡನಿಗೆ ಜೀವಿತಾವಧಿಯ ಹಕ್ಕು ಸಲ್ಲುತ್ತಿದ್ದ ಕಾಲ ಅದು. ಅವನನ್ನು ಬಿಟ್ಟು ಬರೆದ ಪತ್ರವನ್ನು ಯಾವ ಎಚ್ಚರದ ಕೊಳ್ಳುವವನೂ ಒಪ್ಪುತ್ತಿರಲಿಲ್ಲ. ಹಾಗಾಗಿ ಆಕೆ ತನ್ನ ತಂದೆಗಿಂತ ಮೊದಲೇ ಸತ್ತಿದ್ದಾಳೆ, ಆಸ್ತಿ ಆಕೆಗೆ ಬಂದೇ ಇಲ್ಲ, ಮೊಮ್ಮಕ್ಕಳು ಆಕೆಯ ಸ್ಥಾನದಲ್ಲಿ ನಿಂತು ಅಜ್ಜನಿಂದ ನೇರವಾಗಿ ಪಡೆದಿದ್ದಾರೆ ಎಂದು ಊಹಿಸಿ ಹುಡುಕಿದೆ. ಸ್ಮಶಾನದ ವರದಿ ಅದನ್ನು ಖಚಿತಪಡಿಸಿತು.

ಮೂರನೆಯ ಮಗು ಇನ್ನೂ ಅಪ್ರಾಪ್ತ. ಅಪ್ರಾಪ್ತರ ಪಾಲು ನೋಂದಣಿ ಪುಸ್ತಕಕ್ಕೆ ಬರುವ ಮೊದಲು, ಅಪ್ರಾಪ್ತರ ಮತ್ತು ಮೃತರ ಆಸ್ತಿಯ ವಿಷಯಗಳನ್ನು ನೋಡುವ ಆರ್ಫನ್ಸ್ ಕೋರ್ಟಿನ ದಾಖಲೆಗಳಲ್ಲಿ ಹಾದುಹೋಗಿರುತ್ತದೆ: ಪಾಲಕನ ನೇಮಕ, ಮಾರಾಟಕ್ಕೆ ಅರ್ಜಿ, ಜಾಮೀನು, ಅನುಮತಿ. ಇಂಥ ಖಾಸಗಿ ಮಾರಾಟಕ್ಕೆ ಸಲೀಸಾದ ದಾರಿ ಮಾಡಿಕೊಟ್ಟದ್ದು 1853ರ ಏಪ್ರಿಲ್ 18ರ ಕಾನೂನು; ಅದನ್ನು ರೂಪಿಸಿದ ವಕೀಲ, ಮುಂದೆ ರಾಜ್ಯ ಸೆನೆಟರ್ ಆದ ಇಲೈ ಕೆ. ಪ್ರೈಸ್ ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಮರುವರ್ಷ ಕೆನ್ಸಿಂಗ್ಟನ್, ಸದರ್ಕ್ ಮೊದಲಾದ ಪ್ರತ್ಯೇಕ ಆಡಳಿತಗಳನ್ನು ಫಿಲಡೆಲ್ಫಿಯಾ ನಗರದೊಳಗೆ ಸೇರಿಸಿದ ಶಾಸನದ ಹಿಂದೆಯೂ ಅವರೇ ಇದ್ದರು. ಪಾಲಕನ ಅರ್ಜಿಯಲ್ಲಿ ಮಗುವಿನ ವಯಸ್ಸು, ಪಾಲಿನ ಪ್ರಮಾಣ, ಮನೆಯ ಅಂದಾಜು ಬೆಲೆ ಎಲ್ಲವೂ ಇದ್ದವು. ಕುಟುಂಬದ ಬಗ್ಗೆ ಕ್ರಯಪತ್ರಗಳಿಗಿಂತ ಹೆಚ್ಚು ಸಂಗತಿ ನನಗೆ ಸಿಕ್ಕಿದ್ದು ಸಾಮಾನ್ಯವಾಗಿ ಇಂಥ ಅರ್ಜಿಗಳಲ್ಲಿಯೇ.

ಮದುವೆಯಾದ ಮಗಳ 1/5 ಪತ್ರದಲ್ಲಿ ನಾನು ಮೊದಲು ನೋಡಿದ್ದು ಸಹಿಯನ್ನಲ್ಲ, ಅದರ ಕೆಳಗಿನ ದೃಢೀಕರಣವನ್ನು. 1770ರ ಒಂದು ಕಾನೂನಿನ ಪ್ರಕಾರ ಅಧಿಕಾರಿಯು ಹೆಂಡತಿಯನ್ನು ಗಂಡನಿಂದ ಪ್ರತ್ಯೇಕವಾಗಿ ಕೂರಿಸಿ, ಪತ್ರದ ವಿಷಯವನ್ನು ತಿಳಿಸಿ, ಗಂಡನ ಒತ್ತಾಯವಿಲ್ಲದೆ ಸ್ವಇಚ್ಛೆಯಿಂದ ಒಪ್ಪಿದ್ದಾಳೆಯೇ ಎಂದು ಕೇಳಬೇಕಿತ್ತು. ವಿವಾಹಿತ ಸ್ತ್ರೀಯರ ಆಸ್ತಿಯನ್ನು ಆಕೆಯದೇ ಎಂದು ಒಪ್ಪಿದ 1848ರ ಕಾನೂನಿನ ನಂತರವೂ ಈ ವಿಚಾರಣೆ ನಿಲ್ಲಲಿಲ್ಲ. ಒಳಗಿನ ಕೋಣೆಯಲ್ಲಿ ಏನು ನಡೆಯುತ್ತಿತ್ತೋ, ಅಚ್ಚು ಹಾಕಿದಂಥ ಆ ಒಕ್ಕಣೆಯಿಂದ ತಿಳಿಯುವುದಿಲ್ಲ. ಒಕ್ಕಣೆ ಇಲ್ಲದಿದ್ದರೆ ಮಾತ್ರ ಆಕೆಯ ಪಾಲು ದಾಟಿಲ್ಲವೆಂದೇ ಬರೆದುಕೊಳ್ಳುತ್ತೇನೆ.

ಚೆಕ್ಕುಬಂದಿಯ ಕೆಲಸ ಇದಕ್ಕಿಂತ ಸುಲಭ. ಅಡಿ ಅಂಗುಲಗಳಲ್ಲಿ ಹೇಳಿದ ಮುಂಭಾಗದ ಅಗಲವೂ ಹತ್ತಿರದ ಬೀದಿಮೂಲೆಯಿಂದ ಇರುವ ದೂರವೂ ಎಲ್ಲ ಪತ್ರಗಳಲ್ಲಿ ಒಂದೇ ಇದ್ದರೆ ಸಾಕು. 1850ರ ದಶಕದಲ್ಲಿ ಬೀದಿಗಳ ಹೆಸರೂ ಮನೆಗಳ ಸಂಖ್ಯೆಯೂ ಬದಲಾದ್ದರಿಂದ ಅವನ್ನು ನಾನು ನಂಬುವುದಿಲ್ಲ. ನಗರದ ಪಶ್ಚಿಮ ಭಾಗದಲ್ಲಿ ಕೆಲಸ ಮಾಡುವವರಿಗೆ ಒಂದು ಉಪಾಯ: ಸ್ಕೂಲ್‌ಕಿಲ್ ನದಿಯ ಕಡೆಯಿಂದ ಎಣಿಸಿದ ಹಳೆಯ ಬೀದಿಯ ಸಂಖ್ಯೆಯನ್ನು 23ರಿಂದ ಕಳೆದರೆ ಇಂದಿನ ಸಂಖ್ಯೆ ಬರುತ್ತದೆ, ಅಲ್ಲಿನ ಎಂಟನೆಯ ಬೀದಿ ಇಂದಿನ ಹದಿನೈದನೆಯದು.

ಮೂವತ್ತೂ ಭಾಗ ಬ್ರೆಡ್ ಅಂಗಡಿಯವನ ಹೆಸರಿಗೆ ಕೂಡಿದ ಮೇಲೆ ಕಡತ ಮುಗಿಯಬೇಕಿತ್ತು, ಆದರೆ ಪ್ರತಿ ಪತ್ರವೂ ವರ್ಷಕ್ಕೆ 30 ಡಾಲರಿನ ನೆಲಬಾಡಿಗೆಗೆ ಒಳಪಟ್ಟಿತ್ತು. ಮನೆಯೂ ನೆಲದ ಹಕ್ಕೂ ಕೊಂಡವನದೇ ಆಗಿ, ವರ್ಷದ ಬಾಡಿಗೆ ಪಡೆಯುವ ಹಕ್ಕು ಮಾತ್ರ ಮೂಲ ಒಡೆಯನಲ್ಲಿ ಶಾಶ್ವತವಾಗಿ ಉಳಿಯುವ ಈ ಏರ್ಪಾಡು ಫಿಲಡೆಲ್ಫಿಯಾದಲ್ಲಿ ಬಹಳ ಬಳಕೆಯಲ್ಲಿತ್ತು. ಶೇಕಡ ಆರರ ಲೆಕ್ಕದಲ್ಲಿ 30 ಡಾಲರ್ ಬಾಡಿಗೆಯ ಅಸಲು 500 ಡಾಲರ್. ಬಾಡಿಗೆಯ ಹಕ್ಕು ಸಹ ಸ್ಥಿರಾಸ್ತಿಯೇ ಆದ್ದರಿಂದ ಅದರ ಒಡೆಯ ಸತ್ತಾಗ ಅದೂ ಅವನ ಮಕ್ಕಳಲ್ಲಿ ಪಾಲಾಗುತ್ತದೆ. ಬ್ರೆಡ್ ಅಂಗಡಿಯವನು ಅಸಲನ್ನು ಕೊಟ್ಟು ಅದನ್ನು ಬಿಡಿಸಿಕೊಂಡ ಪತ್ರಕ್ಕೆ ನಾಲ್ವರು ಸಹಿ ಹಾಕಿದ್ದಾರೆ, ಆ ನಾಲ್ವರೂ ನಾಲ್ಕು ಸಮಪಾಲಿನ ವಾರಸುದಾರರು. ಅಲ್ಲಿಗೆ ನೆಲಬಾಡಿಗೆಯ ಪಾಲುಗಳಿಗೆಂದು ಇಟ್ಟಿದ್ದ ಎರಡನೆಯ ಹಾಳೆಯ ಮೊತ್ತವೂ ಒಂದಾಯಿತು, ಕಡತವನ್ನು ಮನೆಯ ಈಗಿನ ಮಾಲೀಕರಿಗೆ ಕೊಟ್ಟೆ.