ಹಳೇ ಕ್ಯಾಮ್ರಿನಾ, ಹೊಸಾ ಸಿಟಿನಾ? ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ನೋಡಿದ ಬಗೆ

ಮನೆ ವಿಜಯನಗರದಲ್ಲಿ, ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಅತ್ತೆ ಮನೆ ತಿಪಟೂರಿನಲ್ಲಿ. ನನ್ನ ಓಡಾಟ ಇಷ್ಟೇ. ಹೋದ ವರ್ಷ ಎರಡು ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟರ್ ಕೂಡ ಇರುವಂಥವು, ಕಣ್ಣಿಗೆ ಬಿದ್ದವು. 2016ರ ಟೊಯೋಟಾ ಕ್ಯಾಮ್ರಿ ಹೈಬ್ರಿಡ್, 93 ಸಾವಿರ ಕಿಲೋಮೀಟರ್ ಓಡಿದ್ದು, ಕೇಳಿದ ಬೆಲೆ 13 ಲಕ್ಷ. 2022ರ ಹೋಂಡಾ ಸಿಟಿ ಇ:ಎಚ್‌ಇವಿ, 38 ಸಾವಿರ ಓಡಿದ್ದು, 15 ಲಕ್ಷ. ಬಿಡದಿಯಲ್ಲೇ ಜೋಡಿಸಿದ ಕಾರು ಅನ್ನೋ ಅಭಿಮಾನಕ್ಕೋ, ಆ ದೊಡ್ಡ ಸೀಟಿಗೋ, ಮನಸ್ಸು ಮೊದಲು ಹೋಗಿದ್ದು ಕ್ಯಾಮ್ರಿ ಕಡೆಗೆ.

ಎಲ್ಲರ ಹಾಗೆ ನಾನೂ ಮೊದಲು ಮೈಲೇಜ್ ನೋಡಿದೆ. ಕಂಪನಿ ಲೆಕ್ಕದಲ್ಲಿ ಸಿಟಿ ಲೀಟರಿಗೆ 26.5, ಆ ಕ್ಯಾಮ್ರಿ 19.16. ಇದು ಆಮೇಲೆ ನೋಡಬೇಕಾದ ವಿಷಯ. ಹೈಬ್ರಿಡ್ ಬ್ಯಾಟರಿ ಕೈಕೊಟ್ಟರೆ ವರ್ಷಗಟ್ಟಲೆ ಉಳಿಸಿದ ಪೆಟ್ರೋಲ್ ದುಡ್ಡು ಒಂದೇ ಬಿಲ್ಲಿಗೆ ಹೋಗುತ್ತದೆ.

ಆದ್ದರಿಂದ ಹೈಬ್ರಿಡ್ ಗೊತ್ತಿರುವ ಮೆಕ್ಯಾನಿಕ್‌ನನ್ನು ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಯಂತ್ರ) ಸಮೇತ ಕರೆದುಕೊಂಡು ಹೋಗಿ. ಕ್ಯಾಮ್ರಿಯದ್ದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಒಳಗೆ 34 ಮಾಡ್ಯೂಲ್, ಅಂದರೆ ಚಿಕ್ಕ ಚಿಕ್ಕ ಬ್ಯಾಟರಿಗಳು, ಎರಡೆರಡು ಸೇರಿ 17 ಬ್ಲಾಕ್. ಸ್ಕ್ಯಾನರ್ ಸಿಕ್ಕಿಸಿದರೆ 17 ವೋಲ್ಟೇಜ್ ಸಾಲಾಗಿ ಕಾಣುತ್ತವೆ. ಕಾರು ನಿಂತಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ ಇರುತ್ತವೆ. ಮಾರುವವರು ಅದನ್ನೇ ತೋರಿಸಿ, "ನೋಡಿ ಮೇಡಂ, ಹೊಸದರ ಹಾಗಿದೆ" ಅಂದರು. ನಮ್ಮ ಮೆಕ್ಯಾನಿಕ್ ಹುಡುಗ ಒಪ್ಪಲಿಲ್ಲ. ನಾಯಂಡಹಳ್ಳಿ ಫ್ಲೈಓವರ್ ಏರುವಾಗ ಆಕ್ಸಿಲರೇಟರ್ ಜೋರಾಗಿ ಒತ್ತಲು ಹೇಳಿದ. 11ನೇ ಬ್ಲಾಕ್ ಮಾತ್ರ ಉಳಿದವಕ್ಕಿಂತ ಸುಮಾರು ಒಂದು ವೋಲ್ಟ್ ಕೆಳಗೆ ಬಿತ್ತು. ಕಾಲು ತೆಗೆದರೆ ಮತ್ತೆ ಸರಿ. "ಅಕ್ಕ, ಬಾಯಿ ಮುಚ್ಚಿದ್ರೆ ಎಲ್ಲ ಹಲ್ಲೂ ಗಟ್ಟಿನೇ. ಕಚ್ಚಿದಾಗ ನೋಡ್ಬೇಕು, ಯಾವುದು ಅಲ್ಲಾಡುತ್ತೆ ಅಂತ" ಅಂದ.

ಕಾರಣವೂ ಅಲ್ಲೇ ಸಿಕ್ಕಿತು. ಬ್ಯಾಟರಿ ತಣ್ಣಗಿರಲು ಒಂದು ಫ್ಯಾನ್ ಕಾರಿನ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಆ ಗಾಳಿಯ ದಾರಿಯಲ್ಲಿ ಟಾರ್ಚ್ ಬಿಟ್ಟರೆ ನಾಯಿಕೂದಲು, ಹತ್ತಿಯ ಹಾಗೆ ಗಂಟುಗಂಟು. ಹಿಂದಿನ ಸೀಟಿನಲ್ಲಿ ಲ್ಯಾಬ್ರಡಾರ್ ಓಡಾಡಿಸಿದ್ದರಂತೆ. ಯಾರೂ ಕ್ಲೀನ್ ಮಾಡಿಸಿಲ್ಲ. ತಪ್ಪು ಕಾರಿನದ್ದಲ್ಲ, ಸಾಕಿದವರದ್ದು. ನೀವು ಯಾವ ಹೈಬ್ರಿಡ್ ನೋಡಿದರೂ ಈ ಗಾಳಿ ದಾರಿ ಎಲ್ಲಿದೆ ಅಂತ ತಿಳಿದುಕೊಂಡು, ಟಾರ್ಚ್ ಹಿಡಿದು ನೋಡಿ.

ಸಿಟಿಯದ್ದು ಲಿಥಿಯಂ ಅಯಾನ್. ಕೊಂಡ ದಿನದಿಂದ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ಬ್ಯಾಟರಿ ವಾರಂಟಿ. ಅಂದರೆ 2030ರವರೆಗೆ ಒಂದು ಧೈರ್ಯ. ಆದರೆ ಸರ್ವೀಸ್ ತಪ್ಪಿಸಿದ್ದರೆ ತಕರಾರು ಬರಬಹುದು. ಅಧಿಕೃತ ಸರ್ವೀಸ್ ಸೆಂಟರ್‌ನಲ್ಲಿ ಚಾಸಿ ನಂಬರ್ ಕೊಟ್ಟು ಹಿಸ್ಟರಿ ತೆಗೆಸಿದೆ. ಸುಮ್ನೆ ಬಾಯಿಮಾತು ನಂಬಬೇಡಿ.

ಟೆಸ್ಟ್ ಡ್ರೈವ್‌ಗೆ ಖಾಲಿ ರಸ್ತೆ ಬೇಡ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಕಡೆ ಹೋಗಿ. ತೆವಳುವ ಟ್ರಾಫಿಕ್‌ನಲ್ಲೇ ಹೈಬ್ರಿಡ್‌ನ ಗುಣ ಗೊತ್ತಾಗುವುದು. ಎಂಜಿನ್ ಆಫ್ ಆದಾಗಲೂ ಎಸಿ ತಣ್ಣಗೇ ಬರಬೇಕು, ಯಾಕೆಂದರೆ ಕಂಪ್ರೆಸರ್ ಕರೆಂಟಿನಲ್ಲಿ ಓಡುತ್ತದೆ. ಬ್ಯಾಟರಿ ಗೇಜ್ ನಿಮಿಷಕ್ಕೊಮ್ಮೆ ತುಂಬಿ ಖಾಲಿಯಾಗುತ್ತಿದ್ದರೆ ಅನುಮಾನಪಡಿ. ಸಿಟಿಯಲ್ಲಿ ಇನ್ನೊಂದಿದೆ. ನಿಧಾನವಾಗಿ ಹೋಗುವಾಗ ಚಕ್ರ ತಿರುಗಿಸುವುದು ಮೋಟರ್, ಎಂಜಿನ್ ಬರೀ ಕರೆಂಟ್ ಮಾಡುತ್ತದೆ. ಕಾರಿನ ವೇಗಕ್ಕೂ ಎಂಜಿನ್ ಸದ್ದಿಗೂ ತಾಳೆಯಾಗುವುದಿಲ್ಲ. ನಮ್ಮೆಜಮಾನ್ರು "ಕ್ಲಚ್ ಹೋಗಿದೆ" ಅಂತ ಇಳಿದೇಬಿಟ್ಟಿದ್ದರು.

ಬೆಂಗಳೂರಿನ ಕಾರಾದರೆ ನೀರು ಕುಡಿದಿದೆಯಾ ನೋಡಲೇಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಎಷ್ಟು ಕಾರು ಮುಳುಗಿದವು, ನೆನಪಿದೆ ಅಲ್ವಾ? ಸೀಟ್‌ಬೆಲ್ಟ್ ಕೊನೆವರೆಗೂ ಎಳೆದು ಕೆಸರಿನ ಗೆರೆ ಹುಡುಕಿ. ಕಾರ್ಪೆಟ್ ಎತ್ತಿ ಮೂಸಿ ನೋಡಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಲ್ಲಿ ಹೈ ವೋಲ್ಟೇಜ್ ಇರುತ್ತದೆ. ಅದನ್ನು ಮಾತ್ರ ಮುಟ್ಟಬೇಡಿ.

ಕಾಗದಪತ್ರದ ಕೆಲಸ ಎಲ್ಲ ಕಾರಿನಂತೆಯೇ. ಮಾಲೀಕರ ಹೆಸರು ಬದಲಿಸಲು ಫಾರಂ 29, 30. ಕಾರಿನ ಮೇಲೆ ಸಾಲ ಇದ್ದಿದ್ದರೆ ಅದನ್ನು ದಾಖಲೆಯಿಂದ ತೆಗೆಸಲು ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ (ತಕರಾರಿಲ್ಲ ಅನ್ನೋ ಪತ್ರ). ಬಾಕಿ ದಂಡ ಎಷ್ಟಿದೆ ಅಂತಲೂ ನೋಡಿ. ಡೆಲ್ಲಿ ನಂಬರ್ ಕಾರು ಅಗ್ಗಕ್ಕೆ ಕಂಡರೆ ಇಲ್ಲಿ ಕಟ್ಟುವ ಲೈಫ್ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿ.

ಕೊನೆಗೆ ಡಿಕ್ಕಿ. ಪೆಟ್ರೋಲ್ ಸಿಟಿಗೆ 506 ಲೀಟರ್ ಜಾಗ. ಹೈಬ್ರಿಡ್‌ನಲ್ಲಿ ಬ್ಯಾಟರಿ, ಸ್ಟೆಪ್ನಿ ಎಲ್ಲ ಅಲ್ಲೇ ಕೂತು 306ಕ್ಕೆ ಇಳಿದಿದೆ. ಸಂಖ್ಯೆ ಓದಿದರೆ ಅರ್ಥವಾಗುವುದಿಲ್ಲ. ನಾನು ಎರಡು ಸೂಟ್‌ಕೇಸ್, ಒಂದು ಗೋಣಿಚೀಲ ತೆಂಗಿನಕಾಯಿ ತೆಗೆದುಕೊಂಡೇ ಹೋಗಿದ್ದೆ. ಮಾರುವವರು ನಕ್ಕರು. ಸೂಟ್‌ಕೇಸ್ ಹಿಡಿಸಿದವು, ಚೀಲ ಹಿಡಿಸಲಿಲ್ಲ. ಕ್ಯಾಮ್ರಿಯಲ್ಲಿ ಎಲ್ಲವೂ ಹಿಡಿಸಿದ್ದವು, ಆದರೆ 4.85 ಮೀಟರ್ ಉದ್ದದ ಅದು ನಮ್ಮ ಗೇಟಿನೊಳಗೆ ಹೋಗಿ, ಗೇಟು ಮುಚ್ಚುತ್ತಿರಲಿಲ್ಲ.

ಸಿಟಿಯನ್ನೇ ತಂದೆ. ಟೈರ್ ಸವೆದಿದ್ದಕ್ಕೆ 40 ಸಾವಿರ ಇಳಿಸಿದರು. ತೆಂಗಿನಕಾಯಿ ಚೀಲ ಈಗ ಹಿಂದಿನ ಸೀಟಿನ ಕಾಲ ಹತ್ತಿರ ಕೂರುತ್ತದೆ. ಬ್ಯಾಟರಿಯ ಗಾಳಿ ದಾರಿಗೆ ಅಡ್ಡ ಬರದ ಹಾಗೆ.